ಚೊಂಬು ಹಿಡಿದ ಕೈ

1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಬರೆದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಮೂರ್ಛೆ ಬೀಳುವ ಕೆಲವು ರೋಗಿಗಳ ವಿವರ ಅದರಲ್ಲಿತ್ತು. ಇಂಥದ್ದೊಂದು ಕಾಯಿಲೆ ಇದೆ ಎಂದು 1945ರಲ್ಲೇ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯ ಒಬ್ಬ ಹುಡುಗನನ್ನು ನೋಡಿ ಬರೆದಿದ್ದ. ಆಮೇಲೆ ಜಪಾನಿನಿಂದ, ಟರ್ಕಿಯಿಂದ ಅಷ್ಟಿಷ್ಟು ವರದಿಗಳು ಬಂದವು. ಆದರೆ ನೂರಾರು ಸಂಖ್ಯೆಯಲ್ಲಿ ಇಂಥ ರೋಗಿಗಳು ಸಿಕ್ಕಿದ್ದು ನಮ್ಮ ಕಡೆ: ಮೈಸೂರು, ಮಂಡ್ಯ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಸೀಮೆಯಲ್ಲಿ. 1972ರಲ್ಲಿ ಮಣಿಯವರು 60 ಜನರ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ 279 ಜನರ ವಿವರ ಕೊಟ್ಟರು. ಪ್ರಪಂಚದ ನರರೋಗಶಾಸ್ತ್ರದ ಪುಸ್ತಕಗಳಲ್ಲಿ ‘ಹಾಟ್ ವಾಟರ್ ಎಪಿಲೆಪ್ಸಿ’ ಎಂಬ ಪುಟ ತೆರೆದರೆ ಅಲ್ಲಿ ಸಿಗುವುದು ನಮ್ಮ ಬಚ್ಚಲುಮನೆ.

ನನ್ನ ಪಿಎಚ್.ಡಿ. ವಿಷಯ ಹಳೇ ಮೈಸೂರು ಸೀಮೆಯ ಕಾಯಿಲೆಗಳ ಸಾಮಾಜಿಕ ಚರಿತ್ರೆ. ಪ್ಲೇಗು, ಮಲೇರಿಯಾಗಳಿಗೆ ಕಡತಗಳಿವೆ, ಅಂಕಿಅಂಶಗಳಿವೆ, ಮೈಸೂರು ಸರ್ಕಾರದ ಆದೇಶಗಳಿವೆ. ಬಿಸಿನೀರ ಮೂರ್ಛೆಗೆ ಅಂಥ ಯಾವ ಕಡತವೂ ಇಲ್ಲ. ಅದು ಹಬ್ಬದ ಹಿಂದಿನ ದಿನ, ಬಾಗಿಲು ಹಾಕಿದ ಬಚ್ಚಲಲ್ಲಿ, ಒಬ್ಬರಿಗೆ ಬರುವ ಕಾಯಿಲೆ. ಹಾಗಾಗಿ ಇದರ ಚರಿತ್ರೆ ಹುಡುಕಲು ಹೊರಟರೆ ಎರಡು ದಾರಿ ಹಿಡಿಯಬೇಕಾಗುತ್ತದೆ. ಒಂದು, ಮನೆಮನೆಯ ನೆನಪುಗಳ ದಾರಿ. ಇನ್ನೊಂದು, ನಮ್ಮ ಕೈಕಾಲು ಆಡಿಸುವುದು ಯಾರು ಎಂದು ಕೇಳುತ್ತ ಯುರೋಪಿನ ಪ್ರಯೋಗಶಾಲೆಗಳಿಗೆ ಹೋಗುವ ದಾರಿ. ಎರಡೂ ಒಂದು ಕಡೆ ಕೂಡುತ್ತವೆ.

ಮೊದಲು ಸ್ನಾನದ ಮಾತು. ಮೈಗೆ ನೀರು ಹುಯ್ದುಕೊಳ್ಳುವುದು ಬೇರೆ, ತಲೆಗೆ ಹುಯ್ದುಕೊಳ್ಳುವುದು ಬೇರೆ. ನಮ್ಮೂರುಗಳಲ್ಲಿ ತಲೆಸ್ನಾನ ದಿನಾ ಇರುತ್ತಿರಲಿಲ್ಲ. ವಾರಕ್ಕೊಮ್ಮೆಯೋ, ಹದಿನೈದು ದಿನಕ್ಕೊಮ್ಮೆಯೋ, ಹಬ್ಬಕ್ಕೋ. ಅವತ್ತು ಬೆಳಿಗ್ಗೆಯಿಂದಲೇ ಒಲೆಗೆ ಸೌದೆ ತುಂಬಿ ಹಂಡೆಯಲ್ಲಿ ನೀರು ಕಾಯಿಸುತ್ತಾರೆ. ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಉಜ್ಜಿ, ಆಮೇಲೆ ಮಗುವನ್ನು ಕಲ್ಲಿನ ಮೇಲೆ ಕೂರಿಸಿ ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುತ್ತಾರೆ. ಮಗು ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲ. ‘ಚುರ್’ ಅನ್ನದಿದ್ದರೆ ಅದು ನೀರು ಹುಯ್ದ ಲೆಕ್ಕಕ್ಕೇ ಇಲ್ಲ. ವೈದ್ಯರು ಥರ್ಮಾಮೀಟರ್ ಹಿಡಿದು ನೋಡಿದಾಗ ಈ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್‌ ತನಕ ಇತ್ತು. ಗುಂಡ್ಲುಪೇಟೆಯ ಚಳಿಯನ್ನೂ ಇಲ್ಲಿ ಮರೆಯಬಾರದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಮಾರ್ಗಶಿರದ ಬೆಳಗಿನಲ್ಲಿ ಉಗುರುಬೆಚ್ಚಗಿನ ನೀರನ್ನು ಯಾರೂ ನೀರೆನ್ನುವುದಿಲ್ಲ.

ತೆರಕಣಾಂಬಿ ಕಡೆ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆಯ ಮಗ, ನನಗೆ ಭಾವನಾಗಬೇಕು, ಈ ಕಾಯಿಲೆಯ ಮನುಷ್ಯ. ಅವನಿಗೆ ಏಳೆಂಟು ವರ್ಷವಾಗಿದ್ದಾಗ ಶುರುವಾಯಿತಂತೆ. ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ. ‘ನೀರ್ಗ ಕುಂತ್ರ ನಾಕು ಚೊಂಬು ಉಯ್ಯೋಗಂಟ ಚೆನ್ನಾಗೇ ಇರ್ತಿತ್ತು ಕನಪ್ಪ ಕೂಸು. ಆಮೇಲ ಕಣ್ಣು ಒಂದೇ ಕಡ ನಿಂತ್ಕಬುಡದು. ಕರುದ್ರ ಓ ಅನ್ನದಿಲ್ಲ. ಒಂದೊಂದ್ ದಿನ ಬಿದ್ದು ಕೈಕಾಲು ಕಿತ್ಕಳದು’ ಎಂದರು. ಬಚ್ಚಲಿನಲ್ಲಿ ಗಾಳಿ ಇದೆ ಎಂದು ಬಚ್ಚಲಿನ ದಿಕ್ಕನ್ನೇ ಬದಲಿಸಿದರಂತೆ. ಹರಕೆ, ತಾಯಿತ ಎಲ್ಲ ಆಯಿತು. ಅವನು ದೊಡ್ಡವನಾಗಿ ತಾನೇ ನೀರು ಹುಯ್ದುಕೊಳ್ಳಲು ಶುರು ಮಾಡಿದ ಮೇಲೆ ಮನೆಯಲ್ಲಿ ಇನ್ನೊಂದು ಮಾತು ಹುಟ್ಟಿತು. ಬಾಗಿಲ ಸಂದಿಯಿಂದ ನೋಡಿದರೆ ಕಣ್ಣು ನೆಟ್ಟಿದೆ, ಕರೆದರೆ ಉತ್ತರವಿಲ್ಲ, ಆದರೆ ಕೈ ಮಾತ್ರ ಹಂಡೆಗೆ ಹೋಗಿ ಬರುತ್ತಲೇ ಇದೆ, ಚೊಂಬಿನ ಮೇಲೆ ಚೊಂಬು. ಅವರಪ್ಪ ತೀರ್ಮಾನ ಕೊಟ್ಟುಬಿಟ್ಟರು: ‘ಇವ ಬೇಕಂತ್ಲೇ ಉಯ್ಕತನ.’ ಬಾಸುಂಡೆ ಬರುವ ಹಾಗೆ ಹೊಡೆದದ್ದೂ ಇದೆ.

ಕಾಯಿಲೆಯ ಬಗ್ಗೆ ಓದುತ್ತ ಹೋದ ಹಾಗೆ ನನ್ನನ್ನು ಬಿಡದೆ ಹಿಡಿದುಕೊಂಡದ್ದು ಆ ‘ಬೇಕಂತಲೇ’ ಎಂಬ ಮಾತು. ಬೇಕೆಂದು ಮಾಡುವ ಚಲನೆ, ತನ್ನಷ್ಟಕ್ಕೆ ಆಗುವ ಚಲನೆ ಎಂದು ಎರಡು ಇವೆಯೆಂದು ಎಲ್ಲರಿಗೂ ಗೊತ್ತು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಮನುಷ್ಯ ಕಲಿತದ್ದೇ ಮೂರ್ಛೆರೋಗಿಗಳಿಂದ.

ಮೂರ್ಛೆ ನಮ್ಮ ವೈದ್ಯಕ್ಕೆ ಹೊಸದೇನಲ್ಲ. ಚರಕ ಸಂಹಿತೆ ಅಪಸ್ಮಾರಕ್ಕೆ ಒಂದು ಅಧ್ಯಾಯವನ್ನೇ ಕೊಡುತ್ತದೆ. ಅಪಸ್ಮಾರ ಎಂದರೆ ಸ್ಮೃತಿ ಜಾರುವುದು. ಅಂಥವರನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ದೂರವಿಟ್ಟು ಕಾಯಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ. ಬಿದ್ದು ಸಾಯುವ ಜಾಗಗಳು ಅವು ಎಂಬ ಕಾರಣಕ್ಕೆ. ನಟರಾಜನ ಕಾಲ ಕೆಳಗೆ ಬಿದ್ದಿರುವ ಕುಳ್ಳನ ಹೆಸರೂ ಅಪಸ್ಮಾರನೇ. ಆದರೆ ಬಿದ್ದವನ ಕೈಕಾಲು ಯಾವ ಕ್ರಮದಲ್ಲಿ ಅದುರುತ್ತವೆ ಎಂದು ಕೂತು ನೋಡಿ ಬರೆದುಕೊಂಡವನು ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಜಾನ್ ಹ್ಯೂಲಿಂಗ್ಸ್ ಜಾಕ್ಸನ್.

1860ರ ದಶಕದಲ್ಲಿ ಜಾಕ್ಸನ್ ಗಮನಿಸಿದ್ದು ಇಷ್ಟು. ಕೆಲವರಿಗೆ ಸೆಳೆತ ಮೈಯೆಲ್ಲ ಒಟ್ಟಿಗೆ ಬರುವುದಿಲ್ಲ. ಹೆಬ್ಬೆರಳಲ್ಲಿ ಶುರುವಾಗುತ್ತದೆ, ಅಂಗೈಗೆ ಬರುತ್ತದೆ, ಮೊಣಕೈ ಹತ್ತುತ್ತದೆ, ಭುಜಕ್ಕೆ, ಮುಖಕ್ಕೆ, ಆಮೇಲೆ ಅದೇ ಪಕ್ಕದ ಕಾಲಿಗೆ. ಮೆರವಣಿಗೆ ಬೀದಿಯಿಂದ ಬೀದಿಗೆ ಹೋದ ಹಾಗೆ. ಹಾಗಾದರೆ ಮಿದುಳಿನಲ್ಲೂ ಹೆಬ್ಬೆರಳಿನ ಪಕ್ಕ ಅಂಗೈ, ಅದರ ಪಕ್ಕ ತೋಳು ಎಂದು ಮನೆಗಳಿರಬೇಕು; ಬೆಂಕಿ ಒಂದು ಮನೆಯಿಂದ ಪಕ್ಕದ ಮನೆಗೆ ಹಬ್ಬುತ್ತಿರಬೇಕು. ಇನ್ನೂ ಒಂದನ್ನು ಆತ ಕಂಡ. ಸೆಳೆತ ಹೆಚ್ಚಾಗಿ ಶುರುವಾಗುವುದು ಹೆಬ್ಬೆರಳು–ತೋರುಬೆರಳು, ತುಟಿಯ ಮೂಲೆ, ಕಾಲಿನ ಹೆಬ್ಬೆರಳು ಇವುಗಳಲ್ಲಿ. ನಾವು ಬೇಕೆಂದು, ನಾಜೂಕಾಗಿ ಬಳಸುವ ಅಂಗಗಳೇ ಇವು. ಇಚ್ಛೆಗೆ ಹೆಚ್ಚು ಒಗ್ಗಿದ ಅಂಗವೇ ಇಚ್ಛೆಯಿಲ್ಲದೆ ಮೊದಲು ಅದುರುತ್ತದೆ ಎನ್ನುವುದು ಈಗ ಓದಿದರೂ ಮೈ ಜುಮ್ಮೆನ್ನಿಸುವ ಮಾತು. ಜಾಕ್ಸನ್ನನ ಹೆಂಡತಿ ಎಲಿಜಬೆತ್‌ಗೂ ಇದೇ ಬಗೆಯ ಸೆಳೆತ ಬರುತ್ತಿತ್ತು. 1876ರಲ್ಲಿ ಆಕೆ ತೀರಿಕೊಂಡಳು. ವೈದ್ಯಶಾಸ್ತ್ರದಲ್ಲಿ ಆ ಸೆಳೆತಕ್ಕೆ ಇವತ್ತೂ ಅವನದೇ ಹೆಸರು.

ಆಗಿನ ವಿದ್ವಾಂಸರು ಇದನ್ನು ನಂಬಲು ತಯಾರಿರಲಿಲ್ಲ. ಮಿದುಳಿನ ಹೊರಪದರ ಆಲೋಚನೆಯ ಜಾಗ, ಅದನ್ನು ಚುಚ್ಚಿದರೂ ಕೆರಳಿಸಿದರೂ ಸ್ನಾಯು ಆಡುವುದಿಲ್ಲ ಎನ್ನುವುದು ಫ್ರಾನ್ಸಿನ ಫ್ಲೂರಾನ್ಸ್‌ನ ಕಾಲದಿಂದ ಬಂದ ತೀರ್ಮಾನ. 1870ರಲ್ಲಿ ಬರ್ಲಿನ್ನಿನ ಗುಸ್ತಾವ್ ಫ್ರಿಚ್ ಮತ್ತು ಎಡ್ವರ್ಡ್ ಹಿಟ್ಜಿಗ್ ಇದನ್ನು ಮುರಿದರು. ವಿಶ್ವವಿದ್ಯಾಲಯದಲ್ಲಿ ಜಾಗ ಸಿಗದೆ ಹಿಟ್ಜಿಗ್‌ನ ಮನೆಯಲ್ಲೇ ನಾಯಿಗಳ ತಲೆಬುರುಡೆ ತೆರೆದು, ಮಿದುಳಿನ ಮುಂಭಾಗಕ್ಕೆ ಸಣ್ಣ ವಿದ್ಯುತ್ ಮುಟ್ಟಿಸಿದರು. ಎಡಕ್ಕೆ ಮುಟ್ಟಿಸಿದರೆ ಬಲಗಾಲು ಆಡಿತು. ಜಾಗ ಬದಲಿಸಿದರೆ ಆಡುವ ಅಂಗವೂ ಬದಲಾಯಿತು. ಮೋಟಾರ್ ಕಾರ್ಟೆಕ್ಸ್ ಎಂದು ಈಗ ಕರೆಯುವ ಪಟ್ಟಿ ಸಿಕ್ಕಿದ್ದು ಹೀಗೆ. 1873ರಲ್ಲಿ ಡೇವಿಡ್ ಫೆರಿಯರ್ ಇಂಗ್ಲೆಂಡಿನ ವೇಕ್‌ಫೀಲ್ಡ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿ, ಮುಂದೆ ಕೋತಿಗಳ ಮಿದುಳಿನಲ್ಲಿ ಇನ್ನೂ ಚೊಕ್ಕಟವಾದ ನಕ್ಷೆ ಬರೆದ. 1881ರ ಲಂಡನ್ ವೈದ್ಯ ಸಮ್ಮೇಳನದಲ್ಲಿ ಆತ ತಂದ ಕೋತಿ ಒಂದು ಪಕ್ಕ ಸೋತು ಕುಂಟುತ್ತ ಬಂದಾಗ, ಪ್ಯಾರಿಸ್ಸಿನ ಪ್ರಖ್ಯಾತ ವೈದ್ಯ ಶಾರ್ಕೋ ಇದು ನಮ್ಮ ರೋಗಿಯೇ ಅಲ್ಲವೇ ಎಂದು ಉದ್ಗರಿಸಿದನಂತೆ. ಅದೇ ವರ್ಷ ಪ್ರಾಣಿಹಿಂಸೆಯ ಕಾಯ್ದೆಯಡಿ ಫೆರಿಯರ್ ಮೇಲೆ ಮೊಕದ್ದಮೆಯೂ ಬಿತ್ತು. ಶಸ್ತ್ರಕ್ರಿಯೆ ಮಾಡಿದ್ದು ಪರವಾನಗಿ ಇದ್ದ ಬೇರೊಬ್ಬ ಎಂದು ಅದು ಬಿದ್ದುಹೋಯಿತು.

ಈ ಕಥೆಯನ್ನು ವಿಜ್ಞಾನದ ಜೈತ್ರಯಾತ್ರೆಯಂತೆ ಹೇಳುವ ಪುಸ್ತಕಗಳು ಮೇರಿ ರಾಫರ್ಟಿಯ ಹತ್ತಿರ ಬಂದಾಗ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಂಗಸು. ತಲೆಯ ಹುಣ್ಣು ಬುರುಡೆಯನ್ನೇ ತಿಂದು ಮಿದುಳು ಕಾಣುತ್ತಿತ್ತು. 1874ರಲ್ಲಿ ರಾಬರ್ಟ್ಸ್ ಬಾರ್ಥೊಲೊ ಎಂಬ ವೈದ್ಯ ಆ ಗಾಯದೊಳಗೆ ಸೂಜಿ ಇಳಿಸಿ ವಿದ್ಯುತ್ ಹರಿಸಿದ. ಎದುರು ಪಕ್ಕದ ಕೈಕಾಲು ಆಡಿದವು. ವಿದ್ಯುತ್ ಹೆಚ್ಚಿಸಿದಾಗ ಆಕೆಗೆ ಜೋರು ಸೆಳೆತ ಬಂತು. ಕೆಲವೇ ದಿನಗಳಲ್ಲಿ ಸತ್ತಳು. ಮನುಷ್ಯನಲ್ಲೂ ನಾಯಿಯಂತೆಯೇ ಎಂದು ಸಾಬೀತಾದದ್ದು ಒಬ್ಬ ಬಡ ಕೆಲಸದವಳ ತಲೆಯಲ್ಲಿ. ಬಾರ್ಥೊಲೊಗೆ ಛೀಮಾರಿ ಬಿತ್ತು, ಆತ ವಿಷಾದವನ್ನೂ ಬರೆದ. ನಕ್ಷೆ ಮಾತ್ರ ಉಳಿಯಿತು.

ಮುಂದಿನದನ್ನು ಹೆಚ್ಚಿನವರು ಬಲ್ಲರು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ, ಅವರು ಎಚ್ಚರವಿರುವಂತೆಯೇ ಮಿದುಳನ್ನು ವಿದ್ಯುತ್ತಿನಿಂದ ಮುಟ್ಟಿ ನೋಡುತ್ತಿದ್ದ. 1937ರಲ್ಲಿ ಬೋಲ್ಡ್ರಿಯ ಜೊತೆ ಪ್ರಕಟಿಸಿದ ನಕ್ಷೆಯಲ್ಲಿ ದೊಡ್ಡ ಕೈ, ದಪ್ಪ ತುಟಿಯ ವಿಕಾರ ಮನುಷ್ಯನೊಬ್ಬ ಇದ್ದಾನೆ. ಕೈಬೆರಳಿಗೂ ಬಾಯಿಗೂ ಮಿದುಳು ಕೊಟ್ಟಿರುವ ಜಾಗ ಅಷ್ಟು ದೊಡ್ಡದು. (ಆ ಚಿತ್ರವೂ ಪೂರ್ತಿ ಸರಿಯಿಲ್ಲ. ಕಾಲು, ಕೈ, ಬಾಯಿಯ ಪ್ರದೇಶಗಳ ನಡುನಡುವೆ ಇಡೀ ದೇಹದ ಚಲನೆಯನ್ನು ಯೋಜನೆಯೊಡನೆ ಹೆಣೆಯುವ ತುಂಡುಗಳಿವೆ ಎಂದು 2023ರಲ್ಲಿ ‘ನೇಚರ್’ನಲ್ಲಿ ಬಂದ ಸಂಶೋಧನೆ ತೋರಿಸಿತು.) ನನಗೆ ನಕ್ಷೆಗಿಂತ ದೊಡ್ಡದಾಗಿ ಕಂಡದ್ದು ಪೆನ್‌ಫೀಲ್ಡ್ ಬರೆದ ಇನ್ನೊಂದು ಸಂಗತಿ. ವಿದ್ಯುತ್ ಮುಟ್ಟಿಸಿದಾಗ ರೋಗಿಯ ಕೈ ಮೇಲೇಳುತ್ತಿತ್ತು. ಕೇಳಿದರೆ, ಎತ್ತಿದ್ದು ನಾನಲ್ಲ, ನೀವು ಎನ್ನುತ್ತಿದ್ದರು. ಕೈ ಅವರದು, ಚಲಿಸಿದ ಸ್ನಾಯು ಅವರದು, ಆಜ್ಞೆ ಹೊರಟ ಮಿದುಳಿನ ಜಾಗವೂ ಅವರದೇ. ಆದರೂ ಆ ಚಲನೆ ಅವರದಾಗಿರಲಿಲ್ಲ.

ಈಗ ಚೊಂಬಿಗೆ ಬರೋಣ. ಒಂದು ಚೊಂಬು ನೀರನ್ನು ತಲೆಗೆ ಹುಯ್ದುಕೊಳ್ಳುವುದು ನೋಡಲು ಏನೂ ಅಲ್ಲ. ಮಿದುಳಿಗೆ ಅದು ದೊಡ್ಡ ಕೆಲಸ. ಹಂಡೆ ಎಷ್ಟು ದೂರ, ಕೈ ಈಗ ಎಲ್ಲಿದೆ ಎಂಬ ಲೆಕ್ಕ ಮಿದುಳಿನ ಮೇಲ್ಭಾಗದ ಹಿಂಬದಿಯಲ್ಲಿ ಆಗುತ್ತದೆ. ಮುಳುಗಿಸು, ಎತ್ತು, ಬಗ್ಗಿಸು ಎಂಬ ಸರಣಿ ಮೋಟಾರ್ ಕಾರ್ಟೆಕ್ಸ್‌ನ ಮುಂದಿರುವ ಪ್ರದೇಶಗಳಲ್ಲಿ ಸಿದ್ಧವಾಗುತ್ತದೆ. ಮಿದುಳಿನ ಆಳದ ಗಂಟುಗಳು ಬೇಡದ ಚಲನೆಗಳನ್ನು ತಡೆಹಿಡಿದು ಬೇಕಾದ್ದಕ್ಕೆ ದಾರಿ ಬಿಡುತ್ತವೆ. ಕಿರುಮೆದುಳು ನೀರು ಚೆಲ್ಲದ ಹಾಗೆ ತಿದ್ದುತ್ತ ಹೋಗುತ್ತದೆ. ಎಲ್ಲ ಕೂಡಿ ಬಂದು ಮೋಟಾರ್ ಕಾರ್ಟೆಕ್ಸ್‌ನಿಂದ ಆಜ್ಞೆ ಹೊರಡುತ್ತದೆ. ಅಲ್ಲಿರುವ ಭಾರಿ ಗಾತ್ರದ ನರಕೋಶಗಳನ್ನು 1874ರಲ್ಲಿ ಕೀವ್ ನಗರದ ವ್ಲಾದಿಮಿರ್ ಬೆಟ್ಸ್ ಗುರುತಿಸಿದ. ಅಲ್ಲಿಂದ ಇಳಿಯುವ ಎಳೆಗಳಲ್ಲಿ ಹೆಚ್ಚಿನವು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟಿ ಎದುರು ಪಕ್ಕಕ್ಕೆ ಹೋಗುತ್ತವೆ, ಬೆನ್ನುಹುರಿಯ ನರಕೋಶಕ್ಕೆ ಮುಟ್ಟಿಸುತ್ತವೆ, ಅಲ್ಲಿಂದ ಸ್ನಾಯುವಿಗೆ. ಬಲಗೈಯ ಚೊಂಬು ಎಡಮಿದುಳಿನ ಕೆಲಸ. 1965ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ತೋರಿಸಿದಂತೆ, ಬೇಕೆಂದು ಬೆರಳಾಡಿಸುವ ಒಂದು ಸೆಕೆಂಡಿಗೂ ಮುಂಚೆ ನೆತ್ತಿಯ ಮೇಲೆ ಒಂದು ವಿದ್ಯುತ್ ಅಲೆ ಏಳತೊಡಗುತ್ತದೆ. ಅದರ ಅರ್ಥವೇನು ಎಂದು ತತ್ವಶಾಸ್ತ್ರದವರೂ ನರವಿಜ್ಞಾನಿಗಳೂ ಇನ್ನೂ ಜಗಳವಾಡುತ್ತಿದ್ದಾರೆ.

ಹೀಗೆ ಕಲಿತುಬಿಟ್ಟ ಸರಣಿಗೆ ಪ್ರತಿ ಸಲವೂ ನಮ್ಮ ಎಚ್ಚರ ಬೇಕಾಗುವುದಿಲ್ಲ. ಸೈಕಲ್ ತುಳಿಯುವಾಗ ಯಾರು ಯೋಚಿಸುತ್ತಾರೆ? ಬಿಸಿನೀರ ಮೂರ್ಛೆಯ ಗುಟ್ಟು ಇಲ್ಲಿದೆ. 279 ಜನರ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಬರುತ್ತಿದ್ದದ್ದು ಬಿದ್ದು ಒದ್ದಾಡುವ ಮೂರ್ಛೆಯಲ್ಲ. ಪ್ರಜ್ಞೆ ಮಸುಕಾಗಿ, ಕಣ್ಣು ನೆಟ್ಟು, ಏನೋ ತಡವರಿಸುವ ಬಗೆ. ಇಂಥದ್ದು ಸಾಮಾನ್ಯವಾಗಿ ಕಿವಿಯ ಮೇಲ್ಭಾಗದ ಟೆಂಪೊರಲ್ ಹಾಲೆಯಿಂದ ಹುಟ್ಟುತ್ತದೆ. ಅಲ್ಲಿ ಬಿರುಗಾಳಿ ಎದ್ದಾಗ ಎಚ್ಚರ ಹೋಗುತ್ತದೆ, ಆದರೆ ಮೋಟಾರ್ ಕಾರ್ಟೆಕ್ಸ್‌ಗೆ ಇನ್ನೂ ಬೆಂಕಿ ತಾಗಿರುವುದಿಲ್ಲ. ಕೈ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತ ಹೋಗಬಹುದು. ಬೆಂಕಿ ಹಬ್ಬಿ ಮೋಟಾರ್ ಪಟ್ಟಿಯನ್ನೂ ಹಿಡಿದರೆ ಆಗ ಮೈ ಸೆಟೆದು ಕೈಕಾಲು ಬಡಿಯುತ್ತವೆ. ಉಳಿದ ಮೂರನೇ ಒಂದು ಪಾಲು ಜನರಲ್ಲಿ ಆಗುತ್ತಿದ್ದದ್ದು ಅದು.

ಮೈ ಸೆಟೆದಾಗ ಮುಷ್ಟಿ ಬಿಗಿಯುತ್ತದಲ್ಲ, ಆ ಮುಷ್ಟಿಗೆ ಕಬ್ಬಿಣ ಕೊಡುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಬಿದ್ದರೆ ನಾಲ್ಕು ಬೀಗದ ಕೈ ಗೊಂಚಲು ಮುಂದೆ ಬರುತ್ತವೆ. ಹೆಚ್ಚಿನ ಮೂರ್ಛೆಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರುತ್ತದೆ, ಕೀರ್ತಿ ಅದಕ್ಕೆ ಸೇರುತ್ತದೆ. ಬೇಕಾದದ್ದು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕದೆ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು; ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು.

ಇನ್ನು ‘ಬೇಕಂತಲೇ’. ಇದಕ್ಕೂ ಒಂದು ತಿರುವಿದೆ. ಬಿಸಿನೀರ ಮೂರ್ಛೆಯ ಕೆಲವು ರೋಗಿಗಳಿಗೆ ಆ ಹೊತ್ತಿನಲ್ಲಿ ಒಂದು ಬಗೆಯ ಸುಖ ಆಗುತ್ತದೆ, ಅದಕ್ಕಾಗಿ ಇನ್ನಷ್ಟು ಬಿಸಿನೀರು ಸುರಿದುಕೊಳ್ಳುತ್ತಾರೆ ಎಂದು ಮೈಸೂರು ಸೀಮೆಯ ರೋಗಿಗಳನ್ನು ನೋಡಿದ ವೈದ್ಯರೇ ದಾಖಲಿಸಿದ್ದಾರೆ. ನನ್ನ ಭಾವನನ್ನು ಕೇಳಿದೆ. ಮೊದಲ ಒಂದೆರಡು ಚೊಂಬಿಗೆ ಏನೋ ಹಿತ, ಇನ್ನೊಂದು ಹುಯ್ಕೋಬೇಕು ಅನ್ನಿಸುತ್ತಿತ್ತು, ಆಮೇಲಿನದು ಗೊತ್ತೇ ಇಲ್ಲ ಎಂದ. ಮೂರನೇ ಚೊಂಬಿಗೂ ಆರನೇ ಚೊಂಬಿಗೂ ನಡುವೆ ಎಲ್ಲೋ ಅವನ ಇಚ್ಛೆ ಮುಗಿದು ಕಾಯಿಲೆ ಶುರುವಾಗುತ್ತಿತ್ತು. ಹೊರಗೆ ನಿಂತವರಿಗೆ ಕಾಣುತ್ತಿದ್ದದ್ದು ಒಂದೇ ಕೈ, ಒಂದೇ ಚೊಂಬು. ಅವರಪ್ಪ ಹೊಡೆದದ್ದು ಇಚ್ಛೆಗೋ ಕಾಯಿಲೆಗೋ ಎಂದು ವಿಂಗಡಿಸಲು ಇ.ಇ.ಜಿ. ಯಂತ್ರವನ್ನು ಬಚ್ಚಲಿಗೇ ತರಬೇಕಾಗಿತ್ತು.

ನಮ್ಮ ಕಡೆಯೇ ಏಕೆ? ಸ್ನಾನದ ಪದ್ಧತಿಯೊಂದೇ ಕಾರಣವಾಗಿದ್ದರೆ ಇಡೀ ಕರ್ನಾಟಕಕ್ಕೆ ಬರಬೇಕಿತ್ತು. ನಿಮ್ಹಾನ್ಸ್ ತಂಡ ಕಿವಿಯ ತಮಟೆಯ ಬಳಿ ಉಷ್ಣತೆ ಅಳೆದಾಗ, ಬಿಸಿನೀರ ಸ್ನಾನದ ಹೊತ್ತಿನಲ್ಲಿ ಈ ರೋಗಿಗಳ ಉಷ್ಣತೆ 2–3 ಡಿಗ್ರಿ ಏರಿ ನಿಧಾನಕ್ಕೆ ಇಳಿಯುತ್ತಿತ್ತು. ಉಳಿದವರಲ್ಲಿ ಅರ್ಧ ಡಿಗ್ರಿಯ ಆಸುಪಾಸು ಮಾತ್ರ. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವುದನ್ನು ಹಿಂಬಾಲಿಸಿದ ಬೆಂಗಳೂರಿನ ಸಂಶೋಧಕರು 2009ರಲ್ಲಿ ಹತ್ತನೇ ಕ್ರೋಮೋಸೋಮಿನ ಒಂದು ಭಾಗವನ್ನು ಗುರುತಿಸಿದರು. ಒಳಗೆ ವಂಶದ ಒಲವು, ಹೊರಗೆ ಹಂಡೆಯ ನೀರು, ಎರಡೂ ಸೇರಬೇಕು.

ಡಾ. ಮಣಿಯವರು ಆಸ್ಪತ್ರೆಯಲ್ಲಿ ಕೂತು ಬಂದವರನ್ನು ನೋಡಿ ತೃಪ್ತರಾದವರಲ್ಲ. ಸಂಚಿ ಹೊನ್ನಮ್ಮನ ಊರಾದ ಯಳಂದೂರು ತಾಲ್ಲೂಕನ್ನು ಆರಿಸಿಕೊಂಡು ಅವರ ತಂಡ ಮನೆಮನೆ ಸಮೀಕ್ಷೆ ಮಾಡಿತು. ಸುಮಾರು 65 ಸಾವಿರ ಜನ. ಸಮೀಕ್ಷೆಯಾದಾಗ ಅದು ಮೈಸೂರು ಜಿಲ್ಲೆ; ಫಲಿತಾಂಶ 1998ರಲ್ಲಿ ಪ್ರಕಟವಾಗುವಷ್ಟರಲ್ಲಿ ಚಾಮರಾಜನಗರ ಜಿಲ್ಲೆಯಾಗಿತ್ತು. ಸಾವಿರಕ್ಕೆ ಸುಮಾರು ನಾಲ್ಕು ಜನರಿಗೆ ಮೂರ್ಛೆರೋಗ, ಅಂಥ ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಬಿಸಿನೀರಿನದು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ತಾಲ್ಲೂಕಿನಲ್ಲಿ ನಡೆದ ಚಿಕಿತ್ಸೆಯ ಅಧ್ಯಯನ. ಮೂರ್ಛೆಗೆ 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, 1938ರಿಂದ ಇರುವ ಫೆನಿಟಾಯಿನ್ ಎಂಬ ಎರಡು ಹಳೆಯ, ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ರೋಗಿಗಳ ಮೂರ್ಛೆಯನ್ನು ಹತೋಟಿಗೆ ತರಬಹುದು ಎಂದು ಅದು ತೋರಿಸಿತು. 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಬಿಸಿನೀರ ಮೂರ್ಛೆಗಂತೂ ಎಷ್ಟೋ ಜನರಿಗೆ ದಿನಾ ಮಾತ್ರೆಯೂ ಬೇಕಿಲ್ಲ. ನೀರಿನ ಬಿಸಿ ಇಳಿಸುವುದು, ಮೊದಲು ಮೈ ನೆನೆಸಿ ಆಮೇಲೆ ತಲೆಗೆ ಹೋಗುವುದು, ವೈದ್ಯರು ಹೇಳಿದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೊಬಜಾಮ್ ತೆಗೆದುಕೊಳ್ಳುವುದು.

ಕಾನೂನು ಇದಕ್ಕಿಂತ ನಿಧಾನ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಮಾಡಿದ ತಿದ್ದುಪಡಿ, ಮರುಮರಳಿ ಹುಚ್ಚು ಅಥವಾ ಮೂರ್ಛೆ ಬರುವವರನ್ನು ಮದುವೆಗೆ ಅನರ್ಹರ ಸಾಲಿನಲ್ಲಿ ಕೂರಿಸಿತು. ವರ್ಷಕ್ಕೆ ನಾಲ್ಕು ಹಬ್ಬಗಳಲ್ಲಿ, ಬಚ್ಚಲಲ್ಲಿ ಮಾತ್ರ ಮಂಕಾಗುವವರೂ ಆ ಸಾಲಿಗೆ ಬಂದರು. ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್ ಬಹುಕಾಲ ಇದರ ವಿರುದ್ಧ ಹೋರಾಡಿತು. 1999ರ ತಿದ್ದುಪಡಿಯಲ್ಲಿ ‘ಅಥವಾ ಮೂರ್ಛೆ’ ಎಂಬ ಎರಡು ಪದಗಳನ್ನು ತೆಗೆದರು.

ನನ್ನ ಭಾವನ ಮದುವೆಯಾದದ್ದು 2003ರಲ್ಲಿ. ಕಾಯ್ದೆ ಬದಲಾದದ್ದು ಎರಡೂ ಕಡೆಯವರಿಗೆ ಗೊತ್ತಿರಲಿಲ್ಲ. ಹೆಣ್ಣಿನ ಕಡೆಯವರಿಗೆ ಅತ್ತೆ ಮೊದಲೇ ಎಲ್ಲ ಹೇಳಿದ್ದರು. ಕೇಳಿಸಿಕೊಂಡ ಹುಡುಗಿಯ ಅಜ್ಜಿ, ತಮ್ಮ ಮನೆಯಲ್ಲೂ ಒಬ್ಬರಿಗೆ ಹಾಗೆ ಆಗುತ್ತಿತ್ತು, ಹೊರಗೆ ಹೇಳಿಕೊಂಡಿರಲಿಲ್ಲ ಅಷ್ಟೆ ಎಂದರಂತೆ.